ಕಿವಿಯ ಹದ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಲ್ಲಾದರೂ ಸುಳ್ಳು ಅನ್ನಿಸಿದರೆ ಅಲ್ಲಂತೂ ಖಂಡಿತ ಇಲ್ಲ. ಸುಳ್ಳು ಹೇಳುವವರು ನಂಬುವ ಹಾಗೆ ಹೇಳುತ್ತಾರೆ. ನಿಜಕ್ಕೆ ಆ ಚಿಂತೆ ಇರುವುದಿಲ್ಲ.

ಒಂದು ಬೇಕರಿ. ಕೆಳಗೆ ಅಂಗಡಿ ಮತ್ತು ಭಟ್ಟಿ, ಮೇಲೆ ಮನೆ, ನಡುವೆ ಮರದ ಮೆಟ್ಟಿಲು. ಮೂರು ತಲೆಮಾರಿನ ಮೈದಾ ಆ ಗೋಡೆಗಳಲ್ಲಿ ಇಳಿದು ಕೂತಿತ್ತು. ಒಂದು ಕರಿ ಬೆಕ್ಕು ಮುಂದಿನ ಬಾಗಿಲಿಂದ ಒಳಗೆ ಹೋದರೆ ಹಿಂದಿನ ಬಾಗಿಲಿಂದ ಬಿಳಿ ಬೆಕ್ಕಾಗಿ ಹೊರಗೆ ಬರುತ್ತಿತ್ತು. ಮುಂದಿನ ಬೀದಿಯವರು ಕರಿ ಬೆಕ್ಕಿಗೆಂದು ಹಾಲಿಡುತ್ತಿದ್ದರು, ಹಿಂದಿನ ಬೀದಿಯವರು ಬಿಳಿ ಬೆಕ್ಕಿಗೆಂದು. ಬೆಕ್ಕು ಈ ವಿಷಯದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

ಬೇಕರಿಯವನಿಗೆ ಒಂದು ಗುಟ್ಟಿತ್ತು, ಊರಿಗೆಲ್ಲ ಗೊತ್ತಿದ್ದ ಗುಟ್ಟು. ನಾದಿದ ಹಿಟ್ಟು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವನ ತಾತ, ಅಪ್ಪ, ಅವನು, ಮೂವರೂ ಹಿಡಿದ ದಾರಿ ಒಂದೇ. ಎರಡು ಬೆರಳಿನಿಂದ ಹಿಟ್ಟನ್ನು ಚಿವುಟುವುದು, ಅದೇ ಬೆರಳಿನಿಂದ ಮನೆಯ ಮಗುವಿನ ಕಿವಿಯ ಹಾಲೆಯನ್ನು ಚಿವುಟುವುದು. ಎರಡೂ ಒಂದೇ ಮೆತ್ತಗಿದ್ದರೆ ಹದ. ಇಲ್ಲದಿದ್ದರೆ ಇನ್ನೂ ನಾದು. ಚಿಕ್ಕಂದಿನಲ್ಲಿ ಈ ಚಾಕರಿ ಮಾಡಿ ಮಾಡಿ ಬೇಕರಿಯವನ ಎಡಗಿವಿ ಎಷ್ಟು ಉದ್ದವಾಗಿತ್ತೆಂದರೆ, ಗಾಳಿ ಜೋರಾದ ದಿನ ಅದನ್ನು ಅವನು ಕಾಲರಿನೊಳಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಈಗ ಆ ಹುದ್ದೆ ಅವನ ಒಬ್ಬಳೇ ಮಗಳದು. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ವಯಸ್ಸು ಒಂಬತ್ತಾದರೂ ಆರರ ಫ್ರಾಕೇ ದೊಗಳೆಯಾಗುವ ಹುಡುಗಿಯನ್ನು ಇನ್ನೇನೆಂದು ಕರೆಯುವುದು?

ಗುಬ್ಬಿಯ ತಾಯಿಗೆ ಬೀದಿಯವರು ಇಟ್ಟ ಹೆಸರು ಜಡ್ಜಮ್ಮ. ಕೋರ್ಟಿನ ಮುಖ ಕಂಡವಳಲ್ಲ. ಅವಳು ತೀರ್ಪು ಕೊಟ್ಟ ಮೇಲೆ ಮೇಲ್ಮನವಿಗೆ ಜಾಗ ಇರುತ್ತಿರಲಿಲ್ಲ, ಅಷ್ಟೇ.

ಗುಬ್ಬಿಗೆ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ತಿಂದದ್ದು ನಿಲ್ಲುತ್ತಿರಲಿಲ್ಲ. ಆಟಕ್ಕೆ ಹೋದವಳು ಅರ್ಧಕ್ಕೇ ಬಂದು ಮೆಟ್ಟಿಲ ಮೇಲೆ ಒರಗುತ್ತಿದ್ದಳು. "ದೀಪದ ಬುಡದಲ್ಲೇ ಕತ್ತಲೆ ನೋಡಿ, ಊರಿಗೆಲ್ಲ ಬ್ರೆಡ್ ಹಾಕೋನ ಮಗಳು ಉಪವಾಸ ಇದ್ದಂಗಿದಾಳೆ" ಎಂದು ಗಿರಾಕಿಗಳು ಆಡಿಕೊಂಡರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಜ್ಜಿ ಇನ್ನೊಂದು ಬನ್ನನ್ನು ಹಾಲಿನಲ್ಲಿ ಅದ್ದಿ ಮೊಮ್ಮಗಳ ಬಾಯಿಗೆ ತುರುಕುತ್ತಿದ್ದಳು. ಬನ್ನು ಹೆಚ್ಚಾದಷ್ಟೂ ಗುಬ್ಬಿ ಸಣ್ಣಗಾದಳು.

ಕೊನೆಗೆ ಒಬ್ಬ ಡಾಕ್ಟರಮ್ಮ ರಕ್ತ ನೋಡಿ, ಹೊಟ್ಟೆಯೊಳಗೆ ಸಣ್ಣ ಕೊಳವೆ ಇಳಿಸಿ ನೋಡಿ, ಅಪ್ಪ, ಅಮ್ಮ, ಮಗಳು ಮೂವರನ್ನೂ ಕೂರಿಸಿಕೊಂಡು ಹೇಳಿದರು.

"ಇದನ್ನ ಸೀಲಿಯಾಕ್ ಅಂತಾರೆ. ಕರುಳಿನ ಒಳಗಡೆ ಟವೆಲ್ ಮೇಲೆ ಇರುತ್ತಲ್ಲ, ಹಾಗೆ ಸಣ್ಣ ಸಣ್ಣ ಎಳೆ ಇರ್ತವೆ. ಊಟದ ಸಾರ ಹೀರೋದು ಅವೇ. ಗೋಧೀಲಿ ಗ್ಲುಟೆನ್ ಅಂತ ಒಂದು ಅಂಟು ಇದೆ. ಅದು ಒಳಗೆ ಹೋದ್ರೆ ಇವಳ ಮೈ ತನ್ನ ಎಳೆಗಳನ್ನೇ ತಾನು ಕಡಿದು ಹಾಕುತ್ತೆ. ಈಗ ನೆಲ ಒರೆಸೋ ಬಟ್ಟೆ ಥರ ಬೋಳಾಗಿದೆ."

"ಗೋಧಿನಾ?" ಎಂದ ಬೇಕರಿಯವನು, ಒಡಹುಟ್ಟಿದ ಅಣ್ಣ ಕಳ್ಳತನದಲ್ಲಿ ಸಿಕ್ಕಿಬಿದ್ದ ಸುದ್ದಿ ಕೇಳಿದವನ ಹಾಗೆ.

"ಗೋಧಿ. ಬಾರ್ಲಿ ಕೂಡ."

"ಮೈದಾ ಪರವಾಗಿಲ್ಲ ತಾನೇ?"

"ಮೈದಾನೂ ಗೋಧೀನೇ ಅಲ್ವೇನ್ರೀ?"

"ರವೆ?"

"ಅದೂ ಗೋಧೀನೇ."

ಬೇಕರಿಯವನು ಇನ್ನೊಂದು ಬೆರಳು ಮಡಿಸಿದ. "ರಸ್ಕು?"

"ರೀ, ಸುಮ್ನಿರಿ" ಎಂದಳು ಜಡ್ಜಮ್ಮ. "ಎಷ್ಟು ದಿನ ಬಿಡ್ಬೇಕು ಡಾಕ್ಟ್ರೇ?"

"ಜೀವನ ಪೂರ್ತಿ. ಇದಕ್ಕೆ ಮಾತ್ರೆ ಇಲ್ಲಮ್ಮ. ಊಟವೇ ಔಷಧಿ. ಒಂದು ಚೂರು ಬ್ರೆಡ್ ಪುಡಿ ಕೂಡ ಬಾಯಿಗೆ ಹೋಗಬಾರದು. ಮತ್ತೆ ಇದು ರಕ್ತಸಂಬಂಧದಲ್ಲಿ ಬರೋದು, ಅಪ್ಪ ಅಮ್ಮ ಇಬ್ಬರೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸ್ಕೊಳಿ."

ಜಡ್ಜಮ್ಮ ಅಲ್ಲೇ ತೋಳು ಚಾಚಿದಳು; ಅವಳ ರಕ್ತದಲ್ಲಿ ಏನೂ ಸಿಗಲಿಲ್ಲ. ಬೇಕರಿಯವನು ಆ ಹೊತ್ತಿಗೆ ಆಸ್ಪತ್ರೆಯ ಗೇಟಿನ ಹೊರಗೆ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ. ಸೂಜಿ ಎಂದರೆ ಅವನು ಅಷ್ಟು ಚುರುಕು.

ಮನೆಗೆ ಬಂದವಳೇ ಜಡ್ಜಮ್ಮ ಸೆರಗು ಸಿಕ್ಕಿಸಿದಳು. ಲಟ್ಟಣಿಗೆ, ಮರದ ಸೌಟು, ಜರಡಿ, ಹಳೆ ಬಾಣಲೆ, ಎಲ್ಲ ಗಂಟು ಕಟ್ಟಿ ಕೆಳಗಿಳಿಸಿದಳು. ಹೊಸ ಪಾತ್ರೆಗಳ ಹಿಡಿಗೆ ಕೆಂಪು ಬಣ್ಣ ಬಳಿದಳು. ಅಕ್ಕಿ, ಜೋಳ, ಆಲೂಗಡ್ಡೆ, ಮೊಟ್ಟೆ, ಇಷ್ಟರಲ್ಲೇ ಮನೆಯ ಒಲೆ ಉರಿಯಬೇಕು ಎಂದು ತೀರ್ಪಾಯಿತು. ಮೇಲಿನ ಮನೆಗೆ ಬ್ರೆಡ್ಡು ಬರುವಂತಿಲ್ಲ. ಗುಬ್ಬಿ ಅಂಗಡಿಯ ನೆಲ ತುಳಿಯುವಂತಿಲ್ಲ. ಬ್ರೆಡ್ಡು ಮಾಡುವವನು ಬ್ರೆಡ್ಡನ್ನು ಭಟ್ಟಿಯ ಹಿಂದೆ ನಿಂತು ಕಳ್ಳನ ಹಾಗೆ ತಿನ್ನುವ ಕಾಲ ಬಂತು. ಹಲ್ಲಿಲ್ಲದ ಅಜ್ಜಿ ತನ್ನ ಬನ್ನು, ಹಾಲಿನ ಲೋಟ ಹಿಡಿದು ಬೀದಿಯ ಬೆಂಚಿಗೆ ಇಳಿದಳು.

"ಈ ವಯಸ್ಸಲ್ಲಿ ನನ್ನ ಬೀದಿಗೆ ತಂದ್ಯಲ್ಲಮ್ಮ" ಎಂದು ಅವಳು ಸೊಸೆಗೆ ಕೇಳುವ ಹಾಗೆ ಕೂಗಿದಳು.

"ಬೀದಿಗೆ ತಂದಿದ್ದು ಬನ್ನು ಅತ್ತೆ, ನಾನಲ್ಲ" ಎಂದಳು ಸೊಸೆ ಕಿಟಕಿಯಿಂದ.

ಗುಬ್ಬಿಗೂ ಸುಲಭವಿರಲಿಲ್ಲ. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೇಕು ಹಂಚಿದಾಗ ಅವಳು ತನ್ನ ಪಾಲನ್ನು ಪಕ್ಕದವಳಿಗೆ ಕೊಟ್ಟು, ಡಬ್ಬಿಯಿಂದ ಬೇಯಿಸಿದ ಆಲೂಗಡ್ಡೆ ತೆಗೆದಳು. ಆ ಕೇಕು ಅವಳಪ್ಪನ ಬೇಕರಿಯದೇ.

ಮೊದಮೊದಲು ಗುಣ ಕಂಡಿತು. ಹೊಟ್ಟೆ ಇಳಿಯಿತು, ಕೆನ್ನೆಯಲ್ಲಿ ಬಣ್ಣ ಬಂತು. ಆಮೇಲೆ ಗಾಡಿ ನಿಂತಲ್ಲೇ ನಿಂತಿತು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ, ಗೋಧಿಯ ಮೇಲಿನ ಮೈಯ ಜಗಳ ಎಷ್ಟೆಂದು ತೋರಿಸುವ ಅಂಕಿ, ಇಳಿಯುವ ಬದಲು ಹಠ ಹಿಡಿದ ಅಳಿಯನ ಹಾಗೆ ಮೇಲೇ ಕೂತಿತ್ತು.

"ಎಲ್ಲೋ ಒಳಗೆ ಹೋಗ್ತಾ ಇದೆ" ಎಂದರು ಡಾಕ್ಟರಮ್ಮ. "ಹುಡುಕಿ. ಬೆಳೆಯೋ ವಯಸ್ಸು, ಹೀಗೇ ಬಿಟ್ರೆ ಮೂಳೆ ಕೂಡ ಸೊರಗುತ್ತೆ."

ಅಜ್ಜಿ ಅಂದು ಊಟಕ್ಕೆ ಕೂತಾಗ ವಿಷಯ ತೆಗೆದಳು. "ನೋಡಮ್ಮ, ಕೋಪ ಮಾಡ್ಕೋಬೇಡ. ನಿನ್ನ ತಂಗಿ ಊರಲ್ಲಿ ಹೊಲಿಗೆ ಮಾಡ್ಕೊಂಡು ಒಬ್ಬಳೇ ಇದಾಳೆ. ಅವಳ ಮನೇಲಿ ಇರೋದು ದಾರ, ಹಿಟ್ಟಲ್ಲ. ಮಗೂನ ಅಲ್ಲಿ ಬಿಡು. ದೊಡ್ಡವಳಾಗೋ ತನಕ."

ಜಡ್ಜಮ್ಮ ತುತ್ತು ಕೈಯಲ್ಲೇ ಹಿಡಿದು ಗಂಡನ ಕಡೆ ನೋಡಿದಳು. ಅವನು ತಟ್ಟೆಯ ಕಡೆ ನೋಡಿದ.

"ಅವಳಿಗೆ ಆಗ್ಲೇ ಫೋನ್ ಮಾಡಿದೀರಿ ಅನ್ಸುತ್ತೆ."

"ಮಂಚ ಖಾಲಿ ಮಾಡಿದೀನಿ ಅಂದ್ಲು ಪಾಪ" ಎಂದಳು ಅಜ್ಜಿ.

ಜಡ್ಜಮ್ಮ ತುತ್ತನ್ನು ತಟ್ಟೆಗೇ ಹಾಕಿದಳು. ಅತ್ತೆ ಕೆಟ್ಟದ್ದಕ್ಕೆ ಹೇಳುತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅದೇ ಕಷ್ಟ. ಕೆಟ್ಟ ಮಾತಾಗಿದ್ದರೆ ಜಗಳ ಆಡಬಹುದಿತ್ತು.

"ಮುಂದಿನ ಪರೀಕ್ಷೆ ತನಕ ಟೈಮ್ ಕೊಡಿ" ಎಂದಳು. "ಅದರಲ್ಲೂ ಅಂಕಿ ಇಳೀಲಿಲ್ಲ ಅಂದ್ರೆ ನಾನೇ ಅವಳ ಪೆಟ್ಟಿಗೆ ಕಟ್ತೀನಿ. ಇಳೀತು ಅಂದ್ರೆ ಈ ಮನೇಲಿ ಚಿಕ್ಕಮ್ಮನ ಮಂಚದ ಮಾತು ಯಾರೂ ಎತ್ತಬಾರದು."

ಅಲ್ಲಿಂದ ಶುರುವಾಯಿತು ಬೇಟೆ. ಅವಳು ಮೊದಲು ಅತ್ತೆಯನ್ನೇ ಅನುಮಾನಿಸಿದಳು. ಅಜ್ಜಿಯ ಸೀರೆಯ ಗಂಟು, ದಿಂಬಿನ ಕೆಳಗೆ, ಕಟ್ಟಿಸಿದ ಹಲ್ಲನ್ನು ಎಂದೂ ಇಡದ ಹಲ್ಲಿನ ಡಬ್ಬಿ, ಎಲ್ಲ ತಪಾಸಣೆ ಆಯಿತು. ಅರ್ಧ ರಸ್ಕು ಸಿಕ್ಕಿತು, ಆದರೆ ಅದು ಮೊಮ್ಮಗಳಿಗಲ್ಲ, ಸ್ವಂತಕ್ಕೆ.

"ನಾನು ನನ್ನ ಮೊಮ್ಮಗಳಿಗೆ ವಿಷ ಹಾಕ್ತೀನಾ?" ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಕೂತಳು. ಜಡ್ಜಮ್ಮ ಅವಳ ಕಾಲ ಬಳಿ ಕೂತು ಕ್ಷಮೆ ಕೇಳಿದಳು, ರಸ್ಕನ್ನು ಮಾತ್ರ ವಾಪಸು ಕೊಡಲಿಲ್ಲ.

ಹಿಟ್ಟು ಕಣ್ಣಿಗೆ ಬೀಳದಿರುವುದೇ ತೊಂದರೆ ಎಂದು ಅವಳಿಗೆ ಆಮೇಲೆ ಹೊಳೆಯಿತು. ಬಿಳಿ ಗೋಡೆಯ ಮೇಲೆ ಬಿಳಿ ಹಿಟ್ಟು, ತಿಳಿ ಬಣ್ಣದ ಬಟ್ಟೆಯ ಮೇಲೆ ತಿಳಿ ಹಿಟ್ಟು, ಹಾಲಿನಲ್ಲಿ ಬಿದ್ದ ಬೆಣ್ಣೆಯನ್ನು ಹುಡುಕಿದ ಹಾಗೆ. ಮಾರನೆಯ ದಿನ ಅವಳು ದೊಡ್ಡ ಹಂಡೆಯಲ್ಲಿ ಕಪ್ಪು ಬಣ್ಣ ಕುದಿಸಿ ಮನೆಯ ಬಟ್ಟೆಯನ್ನೆಲ್ಲ ಅದರಲ್ಲಿ ಮುಳುಗಿಸಿದಳು. ಫ್ರಾಕು, ಸೀರೆ, ಲಂಗ, ಹೊದಿಕೆ, ಕಿಟಕಿಯ ಪರದೆ, ಗಂಡನ ಬನಿಯನ್ನು, ಕರವಸ್ತ್ರ. ಹಂಡೆಯ ಅಂಚಿನ ಮೇಲೆ ಕೂತು ನೋಡುತ್ತಿದ್ದ ಬೆಕ್ಕು ಕಾಲು ಜಾರಿ ಒಳಗೆ ಬಿತ್ತು. ಅಂದಿನಿಂದ ಹಿಂದಿನ ಬೀದಿಯವರು ತಮ್ಮ ಬಿಳಿ ಬೆಕ್ಕು ಕಳೆದುಹೋಯಿತೆಂದು ಹುಡುಕುತ್ತಲೇ ಇದ್ದಾರೆ.

ಸಂಜೆಯ ಹೊತ್ತಿಗೆ ಮನೆ ಮಂದಿಯೆಲ್ಲ ಅಡಿಯಿಂದ ಮುಡಿಯವರೆಗೆ ಕಪ್ಪು, ಕಿಟಕಿಯಲ್ಲಿ ಕಪ್ಪು ಪರದೆ. ಎದುರಿನ ಅಂಗಡಿಯ ಇಸ್ತ್ರಿಯವನು ಇದನ್ನು ನೋಡಿ ಪೆಟ್ಟಿಗೆ ಆರಿಸಿ, ಮುಖ ಇಳಿಬಿಟ್ಟುಕೊಂಡು ಬಂದ.

"ಹೇಳಿ ಕಳಿಸೋದಲ್ವಾ ಅಣ್ಣ? ಯಾರು ಹೋದ್ರು?"

"ಗೋಧಿ" ಎಂದ ಬೇಕರಿಯವನು.

ಇಸ್ತ್ರಿಯವನು ತಲೆ ತಗ್ಗಿಸಿದ. "ಹತ್ತಿರದೋರಾ?"

"ಮೂರು ತಲೆಮಾರಿಂದ ನಮ್ಮನೇಲೇ ಇದ್ದಿದ್ದು."

"ಏನಾಗಿತ್ತು?"

"ಅದಕ್ಕೇನೂ ಆಗಿರ್ಲಿಲ್ಲ. ಮಗೂಗೆ ಆಗಿದ್ದು."

ಇಸ್ತ್ರಿಯವನಿಗೆ ಅರ್ಥವಾಗಲಿಲ್ಲ. ಸಾವಿನ ಮನೆಯಲ್ಲಿ ಹೆಚ್ಚು ಕೇಳಬಾರದು ಎಂದು ಒಂದು ಬಿಸಿ ಬನ್ನು ತಿಂದು, ಕಣ್ಣೊರೆಸಿಕೊಂಡು ಹೋದ. ಅವನ ಹಿಂದೆ ಅರ್ಧ ಬೀದಿ ಬಂತು. ಅಂದು ಆದಷ್ಟು ವ್ಯಾಪಾರ ಬೇಕರಿಯವನ ತಾತನ ಕಾಲದಲ್ಲೂ ಆಗಿರಲಿಲ್ಲ.

ಆದರೆ ಜಡ್ಜಮ್ಮನ ಕಣ್ಣು ಗುಬ್ಬಿಯ ಫ್ರಾಕಿನ ಮೇಲೆ ನೆಟ್ಟಿತ್ತು. ಮಾರನೆಯ ಬೆಳಿಗ್ಗೆ ತೊಳೆದ ಕಪ್ಪು ಫ್ರಾಕು ಹಾಕಿಸಿದಳು. ಅವಳು ಶಾಲೆಗೆಂದು ಬೀದಿಗಿಳಿದಾಗ ಕಿಟಕಿಯಿಂದ ನೋಡಿದರೆ ಎಡ ಭುಜದ ಮೇಲೆ ಬಿಳಿ ಪುಡಿ. ಮಾರನೆಯ ದಿನವೂ ಅಲ್ಲೇ. ಅದರ ಮಾರನೆಯ ದಿನವೂ ಎಡ ಭುಜ. ಬೇರೆಲ್ಲೂ ಒಂದು ಚುಕ್ಕೆಯಿಲ್ಲ.

ನಾಲ್ಕನೆಯ ಬೆಳಿಗ್ಗೆ ಅವಳು ಬಾಗಿಲ ಮರೆಯಲ್ಲಿ ನಿಂತಳು. ಗುಬ್ಬಿ ಚೀಲ ಹೆಗಲಿಗೇರಿಸಿ, ಒಳಮೆಟ್ಟಿಲು ಇಳಿದು, ಕೊನೆಯ ಮೆಟ್ಟಿಲಲ್ಲಿ ನಿಂತಳು. ಅಂಗಡಿಯ ನೆಲ ತುಳಿಯಲಿಲ್ಲ, ಅಮ್ಮನ ಆಜ್ಞೆ. ಮೆಟ್ಟಿಲು ಮನೆಗೆ ಸೇರಿದ್ದು, ಅಂಗಡಿಗಲ್ಲ. ಅಲ್ಲಿಂದಲೇ ಕತ್ತನ್ನು ಕೊಕ್ಕರೆಯ ಹಾಗೆ ಚಾಚಿದಳು. ಗಡಿಯ ಈಚೆ ಹುಡುಗಿ, ಆಚೆ ಕಿವಿ.

ಬೇಕರಿಯವನು ಹಿಟ್ಟು ಚಿವುಟಿದ, ಕಿವಿ ಚಿವುಟಿದ. "ಇನ್ನೂ ಗಟ್ಟಿ." ನಾಲ್ಕು ಗುದ್ದು ಗುದ್ದಿದ, ಹಿಟ್ಟು ಚಿವುಟಿದ, ಕಿವಿ ಚಿವುಟಿದ. "ಹಾಂ, ಬಂತು ನೋಡು ಹದ. ಹೋಗಿ ಬಾ ಮಗಳೇ."

ಗುಬ್ಬಿ ನೆಲ ತುಳಿಯದೆ ಮೆಟ್ಟಿಲಿಂದ ಸೀದಾ ಬೀದಿಗೆ ಜಿಗಿದು, ಇವತ್ತು ಒಪ್ಪಿಸಬೇಕಾದ ಮಗ್ಗಿಯನ್ನು ಗುನುಗುತ್ತ, ಎಲ್ಲಿ ತಪ್ಪಿತೋ ಅಲ್ಲಿ ಕಿವಿ ಎಳೆದುಕೊಂಡಳು. ಆಮೇಲೆ ಅದೇ ಬೆರಳಿನ ಉಗುರನ್ನು ಕಚ್ಚಿದಳು. ಅವಳಿಗೆ ಮಗ್ಗಿ ತುಂಬಾ ಕಡೆ ತಪ್ಪುತ್ತಿತ್ತು.

ಜಡ್ಜಮ್ಮನಿಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ, ಎರಡನ್ನೂ ನುಂಗಿ ಕೆಳಗಿಳಿದಳು.

"ರೀ. ಏನ್ ಮಾಡ್ತಿದೀರಿ?"

"ಹದ ನೋಡ್ತಿದೀನಿ ಕಣೇ, ಇನ್ನೇನು? ಅವಳು ಕಾಲಿಟ್ಟಿಲ್ಲ, ಒಂದು ಚೂರು ತಿಂದಿಲ್ಲ, ಬೇಕಾದ್ರೆ ಅವಳನ್ನೇ ಕೇಳು."

"ಕಿವಿಗೆ ಹಿಟ್ಟು ಹಚ್ತಿದೀರಲ್ರೀ!"

"ಕಿವಿಯಿಂದ ಯಾರಾದ್ರೂ ತಿಂತಾರೇನೇ?"

ಕಿವಿಯಿಂದ ಬೆರಳು, ಬೆರಳಿಂದ ಉಗುರು, ಉಗುರಿಂದ ಬಾಯಿ ಎಂದು ಅವಳು ದಾರಿ ತೋರಿಸಿದಾಗ ಬೇಕರಿಯವನು ಹಿಟ್ಟಿನ ಮೂಟೆಯ ಮೇಲೆ ಕುಸಿದ. ಎದ್ದ ಹಿಟ್ಟಿನ ಮೋಡ ಇಳಿಯುವವರೆಗೆ ಅವನ ಮುಖ ಕಾಣಲಿಲ್ಲ. ಕಂಡಾಗ ಕೆನ್ನೆಯ ಮೇಲೆ ಎರಡು ಕಾಲುವೆ ಇದ್ದವು.

"ದಿನಾ ನಾನೇ..." ಎಂದ.

"ಅಳೋದು ಆಮೇಲೆ ಅಳಿ" ಎಂದಳು ಅವಳು. "ಗಾರೆಯವನನ್ನ ಕರೆಸಿ ಮೊದ್ಲು."

ವಾರದೊಳಗೆ ಒಳಮೆಟ್ಟಿಲ ಬಾಯಿಗೆ ಇಟ್ಟಿಗೆ ಗೋಡೆ ಎದ್ದಿತು. ಮೇಲಿನ ಮನೆಗೆ ಬೀದಿಯಿಂದ ಕಬ್ಬಿಣದ ಮೆಟ್ಟಿಲು. ಬೇಕರಿಯವನು ಮನೆಗೆ ಬರಬೇಕೆಂದರೆ ಹಿತ್ತಲ ನಲ್ಲಿಯಲ್ಲಿ ತಲೆಯಿಂದ ಕಾಲವರೆಗೆ ತೊಳೆದು, ಒಗೆದ ಬಟ್ಟೆ ಹಾಕಿ, ಬೀದಿ ಸುತ್ತಿ ಬರಬೇಕು. ಕಿವಿ ಮುಟ್ಟುವುದು ಬಂದ್.

ಬ್ರೆಡ್ಡು ಅಲ್ಲಿಗೆ ಕೆಟ್ಟಿತು. ಬೇಕರಿಯವನು ಅಜ್ಜಿಯ ಕಿವಿ ಹಿಡಿದು ನೋಡಿದ. ಆ ದಿನದ ಬ್ರೆಡ್ಡು ಹುಟ್ಟುವಾಗಲೇ ಸುಕ್ಕಾಗಿ ಬಂತು. ತನ್ನದೇ ಕಿವಿ ಹಿಡಿದು ನೋಡಿದ. ಬ್ರೆಡ್ಡು ಅಚ್ಚಿನಿಂದ ಇಳಿದು ನೆಲಕ್ಕೆ ತಾಗಿತು. ಇಸ್ತ್ರಿಯವನ ಕಿವಿ ಕಾದು ಕಾದು ಒಣಗಿದ್ದು. ಆ ಬ್ರೆಡ್ಡನ್ನು ಒಬ್ಬ ಲಾರಿಯವನು ಇಳಿಜಾರಿನಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು ನಿಶ್ಚಿಂತೆಯಿಂದ ಮಲಗಿದ. ಲಾರಿ ಜಗ್ಗಲಿಲ್ಲ.

ಬ್ರೆಡ್ಡಿಗಿಂತ ಹೆಚ್ಚು ಕೆಟ್ಟದ್ದು ಬೇರೆ ಇತ್ತು, ಜಡ್ಜಮ್ಮ ಅದನ್ನು ನೋಡಿದಳು. ಭಟ್ಟಿಯ ಮುಂದೆ ದಿನ ಕಳೆಯುವ ಅಪ್ಪ, ಶಾಲೆಗೆ ಓಡುವ ಮಗಳು, ಇಬ್ಬರಿಗೂ ದಿನಕ್ಕೆ ಸಿಗುತ್ತಿದ್ದದ್ದು ಆ ಒಂದು ಚಿವುಟು. ಈಗ ಗುಬ್ಬಿ ಗೋಡೆಯ ಮುಂದೆ ನಿಂತು ಒಳಗಿನ ಸದ್ದಿಗೆ ಕಿವಿಯಾನಿಸಿ ಹೋಗುತ್ತಿದ್ದಳು.

"ಗೋಡೆ ಒಡೆಯಲ್ಲ" ಎಂದಳು ಜಡ್ಜಮ್ಮ, ಯಾರೂ ಕೇಳದೆ.

"ಒಡೀಬೇಡ" ಎಂದಳು ಗುಬ್ಬಿ. "ಅಪ್ಪ ತಪ್ಪು ಕಡೆಯಿಂದ ಶುರು ಮಾಡ್ತಾನೆ, ಅಷ್ಟೇ. ಹಿಟ್ಟು ಮುಟ್ಟಿ ಕಿವಿ ಮುಟ್ತಾನೆ. ಕಿವಿ ಮುಟ್ಟಿ ಆಮೇಲೆ ಹಿಟ್ಟು ಮುಟ್ಲಿ."

ತಟ್ಟೆಯ ಮುಂದೆ ಕೂತಿದ್ದ ಬೇಕರಿಯವನು ತಲೆ ಎತ್ತಿದ. "ಆಗಲ್ಲ ಮಗಳೇ. ತಾತನ ಕಾಲದಿಂದ ಹಿಟ್ಟೇ ಮೊದಲು."

"ತಾತನ ಕಾಲದಲ್ಲಿ ತಾತ ಇದ್ರು" ಎಂದಳು ಜಡ್ಜಮ್ಮ. "ಈಗ ನಾನಿದೀನಿ. ಮೇಲಿಂದ ಕೆಳಕ್ಕೆ ಏನು ಬೇಕಾದ್ರೂ ತಗೊಂಡು ಹೋಗಿ. ಕೆಳಗಿಂದ ಮೇಲಕ್ಕೆ ಒಂದು ಧೂಳೂ ಬರಕೂಡದು."

"ಬೀದಿ ಸುತ್ತಿ ಹೋಗೋಷ್ಟರಲ್ಲಿ ಹದ ಮರ್ತುಹೋಗಲ್ವೇನೇ?"

"ಮರೀದಂಗೆ ಹಿಡ್ಕೊಂಡು ಹೋಗಿ."

ಮಾರನೆಯ ಬೆಳಿಗ್ಗೆ ಬೇಕರಿಯವನು ಮಿಂದು ಬಂದು ಮಗಳ ಕಿವಿಯನ್ನು ಹಿಡಿದ. ಅಳತೆಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿದ. ಆಮೇಲೆ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಿವಿಯಷ್ಟು ಗಾಳಿಯನ್ನು ಮೆತ್ತಗೆ ಹಿಡಿದು, ತೋಳನ್ನು ಮೇಲೆತ್ತಿ, ಕಬ್ಬಿಣದ ಮೆಟ್ಟಿಲು ಇಳಿದ. ಯಾರು ನಮಸ್ಕಾರ ಹೇಳಿದರೂ ಮಾತಾಡಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಮೊದಲ ದಿನ ಜನ ಅವನಿಗೆ ವಾಯು ಹಿಡಿದಿದೆ ಎಂದರು. ಎರಡನೆಯ ದಿನ ಒಬ್ಬ ಬಸ್ಸಿನವನು ಕೈ ಅಡ್ಡ ಹಿಡಿದಿದ್ದಾನೆಂದು ತಿಳಿದು ಬಸ್ಸು ನಿಲ್ಲಿಸಿದ. ಆಮೇಲೆ ಬಸ್ಸು ದಿನಾ ಅಲ್ಲೇ ನಿಲ್ಲತೊಡಗಿತು. ಈಗ ಅಲ್ಲಿ ಸ್ಟಾಪಿದೆ, ತಂಗುದಾಣವೂ ಇದೆ, ಬೇಕಾದರೆ ಹೋಗಿ ನೋಡಬಹುದು.

ಮೂರನೆಯ ದಿನದ ಬ್ರೆಡ್ಡು ಕಿವಿಯ ಹಾಲೆಯಂತೆ ಬಂತು.

ಪರೀಕ್ಷೆಯ ದಿನವೂ ಬಂತು. ಚಿಕ್ಕಮ್ಮ ಬೆಳಗಿನ ಬಸ್ಸಿಗೇ ಬಂದು, ಗುಬ್ಬಿಯ ಬಟ್ಟೆಗೆಂದು ತಂದ ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಳು. "ಅಕ್ಕಾ, ನಾನು ನಿನ್ನ ಮಗೂನ ಕಸ್ಕೊಳ್ಳೋಕೆ ಬಂದಿಲ್ಲ" ಎಂದಳು. "ಗೊತ್ತು. ಬ್ಯಾಗ್ ಮಾತ್ರ ಆ ಕಡೆ ಇಡು" ಎಂದಳು ಜಡ್ಜಮ್ಮ.

ಒಳಗೆ ಡಾಕ್ಟರಮ್ಮ ಕಾಗದವನ್ನು ಒಮ್ಮೆ ನೋಡಿದರು, ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. ಜಡ್ಜಮ್ಮ ಕುರ್ಚಿಯ ಕೈ ಹಿಡಿದಳು. ಆ ಕುರ್ಚಿಯ ಮೇಲೆ ಅವಳ ಐದು ಬೆರಳಿನ ಗುರುತು ಈಗಲೂ ಇದೆ.

"ಇಳಿದಿದೆ" ಎಂದರು ಡಾಕ್ಟರಮ್ಮ. "ಚೆನ್ನಾಗೇ ಇಳಿದಿದೆ. ತೂಕಾನೂ ಏರಿದೆ."

"ಮನೇಲೇ ಇರಬಹುದಾ?"

"ಮತ್ತೆಲ್ಲಿರ್ತಾಳೆ? ಈಗ ಹೇಗೆ ನಡೀತಿದೆಯೋ ಹಾಗೇ ನಡೀಲಿ. ಆದ್ರೆ ನೆನಪಿರ್ಲಿ, ಇದು ಒಂದೆರಡು ವರ್ಷದ ಮಾತಲ್ಲ. ಜೀವನ ಪೂರ್ತಿ."

"ಪೂರ್ತಿ ಅಂದ್ರೆ ಪೂರ್ತಿ" ಎಂದಳು ಜಡ್ಜಮ್ಮ. "ನಾವೇನು ಮಧ್ಯದಲ್ಲಿ ಇಳಿಯೋರಲ್ಲ."

ಗುಬ್ಬಿ ಹೊರಗೋಡಿ ಚಿಕ್ಕಮ್ಮನ ಪಕ್ಕದಲ್ಲಿದ್ದ ಖಾಲಿ ಚೀಲವನ್ನು ತಲೆಗೆ ಟೋಪಿಯ ಹಾಗೆ ಹಾಕಿಕೊಂಡಳು. ಒಳಗೆ ಡಾಕ್ಟರಮ್ಮ ಬೇಕರಿಯವನ ಕಡೆ ತಿರುಗಿದರು. "ನೀವು? ಮೊದಲ್ನೇ ಸಲ ರಕ್ತ ಕೊಡದೆ ಹೋಗಿಬಿಟ್ರಿ. ಹೊಟ್ಟೆ ಉಬ್ಬರ, ಸುಸ್ತು ಏನಾದ್ರೂ ಇದೆಯಾ?"

"ಇವರಿಗಾ?" ಎಂದಳು ಜಡ್ಜಮ್ಮ. "ಮದುವೆ ಆದಾಗಿಂದ ಇದೆ. ನಾನು ಸೋಮಾರಿತನ ಅಂದ್ಕೊಂಡಿದ್ದೆ."

ಬೇಕರಿಯವನು ನಕ್ಕು, ಕುರ್ಚಿಯನ್ನು ಹೆಂಡತಿಯ ಕಡೆ ಎಳೆದುಕೊಂಡು, ಗಂಟಲು ಸರಿಮಾಡಿದ. "ನನಗ್ಯಾಕೇ ಪರೀಕ್ಷೆ? ನನ್ನ ಮೈಯಲ್ಲಿ ಓಡೋದು ರಕ್ತ ಅಲ್ಲ ಕಣೇ, ಮೈದಾ ಕಲಸಿದ ನೀರು. ನಮ್ಮ ತಾತನ ಕಥೆ ಹೇಳಿಲ್ವಾ ನಿಂಗೆ? ಒಂದು ಸಲ ಪಂದ್ಯ ಕಟ್ಟಿ ಒಂದು ಮೂಟೆ ಹಿಟ್ಟು ಒಬ್ಬರೇ ತಿಂದ್ರು. ಆಮೇಲೆ ಬಾಯಾರಿಕೆ ಅಂತ ಬಾವಿ ನೀರೆಲ್ಲ ಕುಡಿದ್ರು. ಕುಡಿದು ಸುಮ್ನಿರಬೇಕು ತಾನೇ? ಹೋಗಿ ನಡು ಮಧ್ಯಾಹ್ನದ ಬಿಸಿಲಲ್ಲಿ ನಿಂತ್ರು ನೋಡು, ಹಿಟ್ಟು ಉಬ್ಬೋಕೆ ಶುರುವಾಯ್ತು, ತಾತ ನೆಲ ಬಿಟ್ಟು ಒಂದು ಮಾರು ಮೇಲೆ ಎದ್ದು, ಮನೆ ಮಾಡು ದಾಟಿ, ಸೀದಾ ಆ ದೊಡ್ಡ ಮರದ... ಏ, ಎಲ್ಲಿಗೆ ಹೊರಟೆ? ರಕ್ತ ತೆಗೆಯೋ ಕಿಟಕಿ ಹತ್ರ ಯಾಕೆ ಹೋಗ್ತಿದೀಯ? ನನ್ನ ಹೆಸರು ಯಾಕೆ ಹೇಳ್ತಿ..."